ನಲ್ಲಿ ತೊಟ್ಟಿಕ್ಕಲಿ ಬಿಡಿ

ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್, ದೊಡ್ಡ ವಿಶ್ವವಿದ್ಯಾಲಯವೊಂದನ್ನು ಒಡಲಲ್ಲಿಟ್ಟುಕೊಂಡ ಸಣ್ಣ ಊರು. ಇಲ್ಲಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಮನೆಗಳ ಉಸ್ತುವಾರಿ ನನ್ನ ಕೆಲಸ. ಕಳೆದುಹೋದ ಬೀಗದ ಕೈ, ಕಟ್ಟಿಕೊಂಡ ಸಿಂಕು, ಕೈಕೊಟ್ಟ ಹೀಟರು ಎಲ್ಲದಕ್ಕೂ ಫೋನು ಬರುವುದು ನನಗೇ. ಡಿಸೆಂಬರ್ ನಡುವಿನಲ್ಲಿ ಪರೀಕ್ಷೆ ಮುಗಿಸಿ ಹುಡುಗರು ಊರಿಗೆ ಹೊರಡುವ ವಾರ ಪ್ರತಿ ಬಾಗಿಲಿಗೂ ಒಂದು ಚೀಟಿ ಅಂಟಿಸುತ್ತೇನೆ: ಹೀಟರ್ ಆಫ್ ಮಾಡಬೇಡಿ. 55 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬೇಡಿ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ಹೊರಡುವ ಮುಂಚೆ ನನಗೆ ಹೇಳಿ ಹೋಗಿ.

ದಾವಣಗೆರೆಯ ಹುಡುಗನೊಬ್ಬ ಈ ಚೀಟಿ ಓದಿ ನೇರವಾಗಿ ಕೇಳಿದ್ದ: “ಆಂಟಿ, ತಿಂಗಳು ಪೂರ್ತಿ ಮನೇಲಿ ಯಾರೂ ಇರಲ್ಲ. ಖಾಲಿ ಮನೇನ ಯಾಕೆ ಬಿಸಿ ಮಾಡ್ಬೇಕು? ಸುಮ್ನೆ ದುಡ್ಡು ದಂಡ ಅಲ್ವಾ?”

“ಮನೇಲಿ ನೀನಿರಲ್ಲ ಕಣಪ್ಪ, ನೀರಿರುತ್ತೆ. ಆ ಹೀಟರು ನೀರಿಗೆ” ಅಂದೆ.

ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಹೊರಗೆ ಹೋಗುವಾಗ ದೀಪ ಆರಿಸು, ನಲ್ಲಿ ಬಿಗಿಯಾಗಿ ತಿರುಗಿಸು, ಕಪಾಟಿನ ಬಾಗಿಲು ಹಾಕು ಎಂದು ಹೇಳಿಸಿಕೊಂಡೇ ಬೆಳೆದವರು ನಾವು. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್; ಅದೂ 1884ರ ಜನವರಿ 13ರಂದು. ಬೀದರಿನಲ್ಲಿ, ವಿಜಯಪುರದಲ್ಲಿ ಎಂಥ ಚಳಿ ಬಿದ್ದರೂ ಗೋಡೆಯೊಳಗಿನ ನೀರು ಗಡ್ಡೆಯಾದ ಉದಾಹರಣೆ ಇಲ್ಲ. ಹಾಗಾಗಿ ನಮ್ಮ ಊರಿನ ಬುದ್ಧಿವಂತಿಕೆಯಲ್ಲಿ ಈ ಪಾಠಕ್ಕೆ ಜಾಗವೇ ಇರಲಿಲ್ಲ. ಈಗ ಕರ್ನಾಟಕದ ಎಷ್ಟೋ ಮನೆಗಳ ಮಕ್ಕಳು ಮೈನಸ್ ಇಪ್ಪತ್ತರ ಊರುಗಳಲ್ಲಿ ಓದುತ್ತಿದ್ದಾರೆ, ಮನೆ ಕೊಂಡಿದ್ದಾರೆ. ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ನೋಡಲೆಂದು ಅಪ್ಪ ಅಮ್ಮಂದಿರು ಆ ಮನೆಗಳಲ್ಲಿ ಚಳಿಗಾಲ ಕಳೆಯುತ್ತಿದ್ದಾರೆ. ಈ ಪಾಠವನ್ನು ನಮ್ಮ ಭಾಷೆಯಲ್ಲೇ ವಿವರವಾಗಿ ಹೇಳಬೇಕೆನ್ನಿಸಿದ್ದು ಅದಕ್ಕೇ.

ಒಡೆಯುವುದು ಎಲ್ಲಿ, ಯಾಕೆ

ನೀರು ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರಿನಲ್ಲಿ ಮರೆತರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ನೀರು 4 ಡಿಗ್ರಿ ಸೆಲ್ಸಿಯಸ್‌ವರೆಗೆ ತಣ್ಣಗಾಗುತ್ತ ಕುಗ್ಗುತ್ತದೆ. ಅಲ್ಲಿಂದ ಕೆಳಗೆ ಹಿಗ್ಗತೊಡಗುತ್ತದೆ. ಗಡ್ಡೆ ಕಟ್ಟುವಾಗ ಮೊದಲಿಗಿಂತ ಸುಮಾರು ಶೇ 9ರಷ್ಟು ಹೆಚ್ಚು ಜಾಗ ಕೇಳುತ್ತದೆ. ಗಡ್ಡೆ ಕಟ್ಟಿದ ಜಾಗದಲ್ಲೇ ಪೈಪು ಸೀಳಿಕೊಳ್ಳುತ್ತದೆ ಎಂದು ಬಹಳ ಜನ ತಿಳಿದಿರುವುದು ಇದರಿಂದಲೇ. ಪೈಪಿನಲ್ಲಿ ನಡೆಯುವುದು ಸ್ವಲ್ಪ ಬೇರೆ.

ಅದನ್ನು ಪರೀಕ್ಷಿಸಿ ನೋಡಿದ್ದು ನಮ್ಮದೇ ಊರಿನಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧನಾ ವಿಭಾಗದವರು 1990ರ ದಶಕದಲ್ಲಿ ನಿಜವಾದ ಪೈಪುಗಳನ್ನು ನಿಜವಾದ ಚಳಿಗೆ ಒಡ್ಡಿ, ಒಳಗಿನ ಉಷ್ಣತೆಯನ್ನೂ ಒತ್ತಡವನ್ನೂ ಅಳೆದರು. ವರದಿ ಬಂದದ್ದು 1996ರಲ್ಲಿ. ಅವರು ಕಂಡದ್ದು ಇಷ್ಟು: ಪೈಪಿನ ಒಂದು ಕಡೆ ಗಡ್ಡೆ ಕಟ್ಟಿ ದಾರಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಅಷ್ಟಕ್ಕೇ ಪೈಪು ಒಡೆಯುವುದಿಲ್ಲ. ಆ ಗಡ್ಡೆ ಪೈಪಿನ ಉದ್ದಕ್ಕೆ ಬೆಳೆಯುತ್ತ ಹೋದಂತೆ ಮುಂದಿರುವ ನೀರನ್ನು ತಳ್ಳುತ್ತದೆ. ಊರಿನ ಮೇನ್ ಪೈಪಿನ ಕಡೆಗಿರುವ ನೀರಿಗಾದರೂ ಹಿಂದೆ ಸರಿಯಲು ಸಾಧಾರಣವಾಗಿ ಜಾಗವಿರುತ್ತದೆ. ನಲ್ಲಿಯ ಕಡೆಗಿರುವ ನೀರಿಗೆ ಅದೂ ಇಲ್ಲ: ಒಂದು ತುದಿಯಲ್ಲಿ ಗಡ್ಡೆ, ಇನ್ನೊಂದು ತುದಿಯಲ್ಲಿ ಬಿಗಿಯಾಗಿ ಮುಚ್ಚಿದ ನಲ್ಲಿ. ಸೈಕಲ್ ಪಂಪಿನ ಬಾಯಿಗೆ ಬೆರಳು ಒತ್ತಿ ಹಿಡಿದು ಹಿಡಿಕೆ ಅದುಮಿದ ಹಾಗೆ. ಅದರಲ್ಲೂ ಗಾಳಿಯನ್ನಾದರೆ ಅದುಮಬಹುದು, ನೀರು ಅದುಮಿದರೆ ಕುಗ್ಗುವುದೇ ಇಲ್ಲ ಎನ್ನಬೇಕು. ಮನೆಯ ಪೈಪಿನಲ್ಲಿ ಮಾಮೂಲಾಗಿ ಚದರ ಇಂಚಿಗೆ 40ರಿಂದ 80 ಪೌಂಡ್ ಒತ್ತಡ ಇರುತ್ತದೆ. ಹೀಗೆ ಸಿಕ್ಕಿಬಿದ್ದ ನೀರಿನಲ್ಲಿ ಅದು ಸಾವಿರಾರು ಪೌಂಡಿಗೆ ಏರುತ್ತದೆ. ಕೊನೆಗೆ ಆ ಸಾಲಿನಲ್ಲಿ ಎಲ್ಲಿ ಬಲ ಕಡಿಮೆಯೋ ಅಲ್ಲಿ ಸೀಳುತ್ತದೆ. ಎಷ್ಟೋ ಸಲ ಆ ಜಾಗದಲ್ಲಿ ಗಡ್ಡೆಯೇ ಇರುವುದಿಲ್ಲ.

ಹಾಗೆ ಸೀಳಿದ ಅರ್ಧ ಇಂಚಿನ ತಾಮ್ರದ ಪೈಪಿನ ತುಂಡೊಂದನ್ನು ನನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ. ಬಾಡಿಗೆಗೆ ಬರುವ ಹೊಸಬರ ಕೈಗೆ ಕೊಟ್ಟು ತೋರಿಸುತ್ತೇನೆ. ಸೀಳು ಕಿರುಬೆರಳಿನಷ್ಟು ಉದ್ದ, ಪೈಪಿನ ಉದ್ದಕ್ಕೇ ಹೋಗಿದೆ. ಆ ಜಾಗದಲ್ಲಿ ಪೈಪು ಮೊದಲು ಉಬ್ಬಿ, ತಗಡು ತೆಳ್ಳಗಾಗಿ, ಆಮೇಲೆ ಬಾಯಿ ಬಿಟ್ಟಿದೆ. ಅಂಚುಗಳು ಹೊರಕ್ಕೆ ಮಡಿಚಿಕೊಂಡಿವೆ. ತುಕ್ಕಿಲ್ಲ, ಸವೆತವಿಲ್ಲ, ಒಳಮೈ ಇನ್ನೂ ಹೊಳೆಯುತ್ತದೆ. ನೋಡಿದವರು ಮೊದಲು ಕೇಳುವುದು, ಇದನ್ನು ಯಾರಾದರೂ ಸುತ್ತಿಗೆಯಿಂದ ಹೊಡೆದರಾ ಎಂದು. ಹೊಡೆದದ್ದು ಒಳಗಿನ ನೀರು.

ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುವುದರ ಗುಟ್ಟೂ ಇಲ್ಲೇ ಇದೆ. ಹರಿಯುವ ನೀರು ಗಡ್ಡೆ ಕಟ್ಟುವುದಿಲ್ಲ ಎನ್ನುವುದು ಅರ್ಧ ಸತ್ಯ. ಸಣ್ಣ ತೊಟ್ಟಿನಲ್ಲಿ ಸಾಗುವ ನೀರೂ ಗಡ್ಡೆಯಾಗಬಹುದು. ಆದರೆ ನಲ್ಲಿ ಒಂದಿಷ್ಟು ತೆರೆದಿದ್ದರೆ ಗಡ್ಡೆ ತಳ್ಳಿದ ನೀರಿಗೆ ಹೊರಹೋಗಲು ದಾರಿ ಸಿಗುತ್ತದೆ, ಒತ್ತಡ ಏರುವುದಿಲ್ಲ. ಪೈಪು ಕಟ್ಟಿಕೊಂಡರೂ ಒಡೆಯುವುದಿಲ್ಲ. ಜೊತೆಗೆ ನೆಲದಡಿಯಿಂದ ಬರುವ ಹೊಸ ನೀರು ತುಸುವಾದರೂ ಬೆಚ್ಚಗಿರುವುದರಿಂದ ಗಡ್ಡೆ ಕಟ್ಟುವುದೂ ತಡವಾಗುತ್ತದೆ.

ಇನ್ನೊಂದು ಸಂಗತಿ ತಿಳಿದಿರಬೇಕು. ನೀರು 0 ಡಿಗ್ರಿ ಮುಟ್ಟಿದ ಕೂಡಲೇ ಗಡ್ಡೆ ಕಟ್ಟುವುದಿಲ್ಲ. ಅಲುಗಾಡದೆ ನಿಂತ ನೀರು ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗಿಳಿದರೂ ದ್ರವವಾಗಿಯೇ ಇರಬಲ್ಲದು. ಆಮೇಲೆ ಒಮ್ಮೆಲೇ ಹರಳಿನ ಕವಲುಗಳು ಎಲ್ಲ ಕಡೆ ಹಬ್ಬಿ ಪೈಪಿನ ಅಡ್ಡಗಲಕ್ಕೂ ತುಂಬಿಕೊಳ್ಳುತ್ತವೆ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಆರ್. ಆರ್. ಗಿಲ್ಪಿನ್ ಇದನ್ನು 1970ರ ದಶಕದಲ್ಲೇ ವಿವರವಾಗಿ ಅಧ್ಯಯನ ಮಾಡಿದ್ದರು. ಮಲಗುವಾಗ ಚೆನ್ನಾಗಿಯೇ ಬರುತ್ತಿದ್ದ ನೀರು ಬೆಳಿಗ್ಗೆ ಎದ್ದು ನೋಡಿದರೆ ಒಂದು ಹನಿಯೂ ಇಲ್ಲ ಎಂದು ಜನ ಬೆರಗಾಗುವುದಕ್ಕೆ ಕಾರಣ ಇದೇ.

ಎಚ್ಚರದ ಗೆರೆ

ಹೊರಗಿನ ಉಷ್ಣತೆ ಎಷ್ಟಕ್ಕೆ ಇಳಿದರೆ ಎಚ್ಚರವಾಗಬೇಕು? ಇಲಿನಾಯ್ ಸಂಶೋಧಕರು ಹಾಕಿಕೊಟ್ಟ ಗೆರೆ 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 7 ಸೆಲ್ಸಿಯಸ್. ಬಿಸಿ ಇಲ್ಲದ ಅಟ್ಟದಲ್ಲಿ ಹೊದಿಕೆಯಿಲ್ಲದೆ ಹಾದುಹೋಗುವ ಪೈಪಿಗೆ ಹೇಳಿದ ಲೆಕ್ಕ ಇದು. ಗೋಡೆಯಲ್ಲಿ ಸಂದಿಯಿದ್ದು ಹೊರಗಿನ ಗಾಳಿ ನೇರ ಪೈಪಿಗೆ ಬಡಿಯುತ್ತಿದ್ದರೆ ಅಷ್ಟು ಚಳಿಯೂ ಬೇಕಾಗಿಲ್ಲ. ಟಿ.ವಿ. ಕೇಬಲ್ಲಿಗೆಂದು ಕೊರೆದು ಮುಚ್ಚದೆ ಬಿಟ್ಟ ಒಂದು ತೂತು ಸಾಕು. ಗಾಳಿ ಪೈಪನ್ನು ಹೊರಗಿನ ಉಷ್ಣತೆಗಿಂತ ಹೆಚ್ಚು ತಣ್ಣಗೆ ಮಾಡಲಾರದು, ಆದರೆ ಅಲ್ಲಿಯವರೆಗೆ ಬಹಳ ಬೇಗ ಇಳಿಸಿಬಿಡುತ್ತದೆ.

ಇಲಿನಾಯ್‌ಗೆ ಮೈನಸ್ 7 ದೊಡ್ಡದಲ್ಲ. 2019ರ ಜನವರಿ 30ರಂದು ಶಿಕಾಗೊದಲ್ಲಿ ಮೈನಸ್ 31 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಮರುದಿನ ಇದೇ ರಾಜ್ಯದ ಮೌಂಟ್ ಕ್ಯಾರೊಲ್‌ನಲ್ಲಿ ಮೈನಸ್ 39 ಮುಟ್ಟಿ ಇಲಿನಾಯ್‌ನ ಸಾರ್ವಕಾಲಿಕ ದಾಖಲೆಯಾಯಿತು. ಇಂಥ ಚಳಿಯಲ್ಲೂ ಇಲ್ಲಿನ ಬಹುಪಾಲು ಮನೆಗಳಲ್ಲಿ ನೀರು ಬರುತ್ತಲೇ ಇರುತ್ತದೆ. ಕಾರಣ, ಮನೆ ಕಟ್ಟುವಾಗಲೇ ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ನೆಲ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಶಿಕಾಗೊದಲ್ಲಿ ಅಡಿಪಾಯ 42 ಇಂಚು ಆಳಕ್ಕೆ ಇಳಿಯಬೇಕೆಂಬ ನಿಯಮವಿದೆ. ನೀರಿನ ಪೈಪು ಇನ್ನೂ ಕೆಳಗೆ ಬಂದು ನೆಲಮಾಳಿಗೆಯ ಗೋಡೆಯಿಂದ ಮನೆಯೊಳಗೆ ಬರುತ್ತದೆ. ಅಲ್ಲಿಂದ ಮೇಲಕ್ಕೆ ಒಳಗೋಡೆಗಳಲ್ಲೇ ಹೋಗುತ್ತದೆ.

ನಮ್ಮ ದೇಶದಲ್ಲೂ ಚಳಿಯ ಊರುಗಳು ಇದನ್ನು ಬಲ್ಲವು. ಲಡಾಖ್‌ನ ಹಳೆಯ ಮನೆಗಳಲ್ಲಿ ನೀರೇ ಬೇಡದ ಒಣ ಶೌಚಾಲಯ ಇರುವುದಕ್ಕೆ ಅಲ್ಲಿನ ಚಳಿಗಾಲವೂ ಒಂದು ಕಾರಣ. ಜನವರಿಯಲ್ಲಿ ಲೇಹ್‌ಗೆ ಹೋದವರಿಗೆ ಎಷ್ಟೋ ಅತಿಥಿಗೃಹಗಳಲ್ಲಿ ನಲ್ಲಿ ನೀರಿನ ಬದಲು ಬಕೆಟ್ಟಿನಲ್ಲಿ ಬಿಸಿನೀರು ಸಿಗುತ್ತದೆ. ಪೈಪುಗಳನ್ನು ಖಾಲಿ ಮಾಡಿ ಚಳಿಗಾಲ ಮುಗಿಯುವವರೆಗೆ ಮುಚ್ಚಿಟ್ಟಿರುತ್ತಾರೆ.

ಟೆಕ್ಸಸ್ ಕಲಿಸಿದ್ದು

ಚಳಿಗೆ ಒಗ್ಗದ ಊರಿಗೆ ಚಳಿ ಬಂದರೆ ಏನಾಗುತ್ತದೆಂದು 2021ರ ಫೆಬ್ರುವರಿಯಲ್ಲಿ ಟೆಕ್ಸಸ್ ಕಂಡಿತು. ಫೆಬ್ರುವರಿ 16ರಂದು ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿ ಸೆಲ್ಸಿಯಸ್. 1949ರ ನಂತರ ಆ ಊರು ಅಂಥ ಚಳಿ ಕಂಡಿರಲಿಲ್ಲ. ರಾಜ್ಯದ 254 ಕೌಂಟಿಗಳಲ್ಲೂ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಸುಮಾರು 45 ಲಕ್ಷ ಮನೆ, ಅಂಗಡಿಗಳಿಗೆ ವಿದ್ಯುತ್ ಇಲ್ಲದಾಯಿತು. 1.4 ಕೋಟಿಗೂ ಹೆಚ್ಚು ಜನರಿಗೆ ನೀರಿನ ತೊಂದರೆಯಾಯಿತು. ರಾಜ್ಯ ಸರ್ಕಾರದ ಅಧಿಕೃತ ಲೆಕ್ಕದಂತೆ ಸತ್ತವರು 246.

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಮೂರರಲ್ಲೂ ಕನ್ನಡಿಗರು ಬಹಳ ಇದ್ದಾರೆ. ಆ ವಾರ ಅಲ್ಲಿನ ಗೆಳತಿಯರು ಫೋನಿನಲ್ಲಿ ಹೇಳಿದ್ದು ಹೆಚ್ಚುಕಡಿಮೆ ಒಂದೇ ಕಥೆ: ನೀರು ಬಿದ್ದದ್ದು ಸೂರಿನಿಂದ. ಟೆಕ್ಸಸ್‌ನ ಹೆಚ್ಚಿನ ಮನೆಗಳಿಗೆ ನೆಲಮಾಳಿಗೆ ಇಲ್ಲ. ಕಾಂಕ್ರೀಟ್ ಹಾಸಿನ ಮೇಲೆ ಮನೆ ನಿಲ್ಲುತ್ತದೆ. ಹಾಗಾಗಿ ನೀರಿನ ಪೈಪು, ಎಷ್ಟೋ ಕಡೆ ನೀರು ಕಾಯಿಸುವ ದೊಡ್ಡ ಹಂಡೆ ಕೂಡ ಅಟ್ಟದಲ್ಲಿರುತ್ತದೆ. ಬೇಸಿಗೆಯ ಊರಿಗೆ ಅದರಿಂದ ತೊಂದರೆಯೇನೂ ಇರಲಿಲ್ಲ. ವಿದ್ಯುತ್ ಹೋಗಿ ಮನೆ ತಣ್ಣಗಾದ ರಾತ್ರಿ ಅದೇ ಅಟ್ಟ ಎಲ್ಲಕ್ಕಿಂತ ಅಪಾಯದ ಜಾಗವಾಯಿತು. ಗ್ಯಾಸಿನ ಫರ್ನೇಸಿಗೂ ಬಿಸಿಗಾಳಿ ತಳ್ಳುವ ಫ್ಯಾನು ವಿದ್ಯುತ್ತಿನದೇ. ಗ್ಯಾಸ್ ಇದ್ದರೂ ಪ್ರಯೋಜನವಾಗಲಿಲ್ಲ.

ಎಲ್ಲ ಮನೆಗಳಲ್ಲೂ ಒಟ್ಟಿಗೆ ನಲ್ಲಿ ತೆರೆದಿದ್ದರಿಂದ, ಒಡೆದ ಪೈಪುಗಳಿಂದ ನೀರು ಹರಿದುಹೋಗಿದ್ದರಿಂದ ಊರಿನ ಒತ್ತಡವೂ ಕುಸಿಯಿತು. ಆಸ್ಪತ್ರೆಗಳಿಗೂ ನೀರು ಸಾಲದಾಯಿತು. ಆದ್ದರಿಂದ ತೊಟ್ಟಿಕ್ಕಲು ಬಿಡಿ ಎಂದರೆ ಎಲ್ಲ ನಲ್ಲಿಗಳನ್ನೂ ಧಾರಾಕಾರ ಬಿಡುವುದಲ್ಲ. ಹೊರಗೋಡೆಗೆ ಅಂಟಿದ ನಲ್ಲಿಗಳನ್ನು ಮಾತ್ರ, ಸಣ್ಣಗೆ ಬಿಟ್ಟರೆ ಸಾಕು.

ನಿಮ್ಮ ಮನೆಯಲ್ಲಿ ಎಲ್ಲೆಲ್ಲಿ ನೋಡಬೇಕು

ಅಕ್ಟೋಬರಿನಲ್ಲಿ ಒಂದು ಭಾನುವಾರ ಬಿಡುವು ಮಾಡಿಕೊಂಡು ಮನೆ ಸುತ್ತಿ ಬನ್ನಿ. ಮೊದಲು ನೋಡಬೇಕಾದದ್ದು ಹೊರಗೋಡೆಯಲ್ಲಿರುವ ತೋಟದ ನಲ್ಲಿ. ಚಳಿಯ ರಾಜ್ಯಗಳಲ್ಲಿ ಇದಕ್ಕೆ ಬೇರೆಯದೇ ರಚನೆ ಇರುತ್ತದೆ. ತಿರುಪು ಹೊರಗೆ ಕಾಣುತ್ತದೆ, ಆದರೆ ನೀರನ್ನು ತಡೆಯುವ ವಾಷರು ಇರುವುದು ಒಂದಡಿಯಷ್ಟು ಒಳಗೆ, ಮನೆಯ ಬಿಸಿ ತಾಗುವ ಕಡೆ. ಉದ್ದನೆಯ ಕಡ್ಡಿಯೊಂದು ಎರಡನ್ನೂ ಸೇರಿಸುತ್ತದೆ. ನಲ್ಲಿ ಮುಚ್ಚಿದಾಗ ನಡುವೆ ಉಳಿದ ನೀರು ಹೊರಗೆ ಸೋರಿಹೋಗಲೆಂದು ಆ ನಳಿಗೆಯನ್ನು ಸ್ವಲ್ಪ ಹೊರವಾಲಾಗಿ ಕೂರಿಸಿರುತ್ತಾರೆ. ಕಲ್ಪನೆ ಸೊಗಸಾಗಿದೆ. ಆದರೆ ಗಿಡಕ್ಕೆ ನೀರು ಬಿಡುವ ರಬ್ಬರು ಪೈಪನ್ನು ಅದಕ್ಕೆ ಸಿಕ್ಕಿಸಿಯೇ ಬಿಟ್ಟರೆ ನೀರು ಹೊರಹೋಗದೆ ನಳಿಗೆಯಲ್ಲೇ ನಿಲ್ಲುತ್ತದೆ, ಅಲ್ಲೇ ಗಡ್ಡೆಯಾಗಿ ನಳಿಗೆಯನ್ನು ಸೀಳುತ್ತದೆ. ಇದು ಜನವರಿಯಲ್ಲಿ ಗೊತ್ತಾಗುವುದೇ ಇಲ್ಲ. ಏಪ್ರಿಲ್‌ನಲ್ಲಿ ಟೊಮೆಟೊ ಸಸಿಗೆ ನೀರು ಬಿಡಲೆಂದು ನಲ್ಲಿ ತಿರುಗಿಸಿದಾಗ ಹೊರಗೆ ಸಣ್ಣಗೆ ಬರುತ್ತದೆ, ಉಳಿದದ್ದು ಗೋಡೆಯೊಳಗೆ ಸುರಿಯುತ್ತದೆ. ರಬ್ಬರು ಪೈಪು ಬಿಚ್ಚಿಡಲು ಒಂದು ನಿಮಿಷವೂ ಬೇಡ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಖರ್ಚು ಉಳಿಸುವ ಕೆಲಸ ಮನೆಯಲ್ಲಿ ಇನ್ನೊಂದಿಲ್ಲ.

ಎರಡನೆಯದು ಅಡುಗೆಮನೆಯ ಸಿಂಕು. ಇಲ್ಲಿ ಪಾತ್ರೆ ತೊಳೆಯುತ್ತ ಹೊರಗೆ ನೋಡಲೆಂದು ಸಿಂಕನ್ನು ಕಿಟಕಿಯ ಕೆಳಗೆ ಇಡುವುದು ರೂಢಿ. ಕಿಟಕಿ ಎಂದರೆ ಹೊರಗೋಡೆ. ಅದರ ಕೆಳಗಿನ ಕಪಾಟು ಮುಚ್ಚಿದ್ದರೆ ಕೋಣೆಯ ಬಿಸಿ ಒಳಗೆ ಹೋಗುವುದಿಲ್ಲ. ಚಳಿ ಜೋರಾದ ರಾತ್ರಿ ಕಪಾಟಿನ ಬಾಗಿಲು ತೆರೆದಿಡಿ. ಪುಟ್ಟ ಮಕ್ಕಳಿರುವ ಮನೆಯಾದರೆ ಅಲ್ಲಿರುವ ಸೋಪು, ಆ್ಯಸಿಡ್ಡು, ಫಿನಾಯಿಲ್ಲನ್ನು ಮೊದಲು ಎತ್ತಿ ಮೇಲಿಡಿ.

ಮೂರನೆಯದು ಗ್ಯಾರೇಜು, ಅಟ್ಟ, ನೆಲದ ಕೆಳಗೆ ತೆವಳಿ ಹೋಗುವಷ್ಟೇ ಎತ್ತರದ ಟೊಳ್ಳು. ಇಲ್ಲಿ ಹಾದುಹೋಗುವ ಪೈಪಿಗೆ ನೊರೆಪ್ಲಾಸ್ಟಿಕ್ಕಿನ ಕವಚ ತೊಡಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದುದ್ದ ಸಿಗುತ್ತದೆ. ಆದರೆ ಕವಚ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಇರುವ ಬಿಸಿ ಬೇಗ ಹೋಗದಂತೆ ತಡೆಯುತ್ತದೆ ಅಷ್ಟೆ. ಎರಡು ದಿನ ನೀರು ಅಲುಗದಿದ್ದರೆ ಕವಚದೊಳಗಿನ ಪೈಪೂ ಗಡ್ಡೆ ಕಟ್ಟುತ್ತದೆ. ಹೊರಗೋಡೆಯೊಳಗೆ ಪೈಪಿದ್ದರೆ ಇನ್‌ಸುಲೇಷನ್ ಇರಬೇಕಾದದ್ದು ಪೈಪಿಗೂ ಹೊರಗಿನ ಚಳಿಗೂ ನಡುವೆ. ಪೈಪಿಗೂ ಕೋಣೆಗೂ ನಡುವೆ ತುರುಕಿದರೆ ಮನೆಯ ಬಿಸಿ ಪೈಪಿಗೆ ತಲುಪುವುದೇ ಇಲ್ಲ. ರಿಪೇರಿಗೆಂದು ಗೋಡೆ ಬಿಚ್ಚಿಸಿದಾಗ ಹೀಗೆ ಹಿಂದುಮುಂದಾಗಿ ತುಂಬಿದ್ದನ್ನು ಕಂಡಿದ್ದೇನೆ. ಬಿಸಿ ಮಾಡುವ ವಿದ್ಯುತ್ ಪಟ್ಟಿಯೂ ಸಿಗುತ್ತದೆ. ಉಷ್ಣತೆ ನೋಡಿಕೊಂಡು ತಾನೇ ಏರಿಳಿಸಿಕೊಳ್ಳುವಂಥದ್ದನ್ನೇ ಕೊಳ್ಳಿ. ಅದನ್ನು ಒಂದರ ಮೇಲೊಂದು ಸುತ್ತಬಾರದು. ಬೆಂಕಿ ಹತ್ತುವ ಅಪಾಯವಿದೆ.

ಕೊನೆಯದಾಗಿ ಗೋಡೆಯಲ್ಲಿನ ತೂತು, ಸಂದಿಗಳು. ಕೇಬಲ್ ಬರುವ ಜಾಗ, ಡ್ರೈಯರಿನ ಬಿಸಿಗಾಳಿ ಹೊರಹೋಗುವ ಜಾಗದ ಸುತ್ತ ಕೈಯಾಡಿಸಿ ನೋಡಿ. ಗಾಳಿ ತಾಗಿದರೆ ಅಂದೇ ಮುಚ್ಚಿ.

ಚಳಿಯ ರಾತ್ರಿ

ಹವಾಮಾನ ವರದಿಯಲ್ಲಿ 20 ಫ್ಯಾರನ್‌ಹೀಟ್‌ಗಿಂತ ಕೆಳಗಿನ ಅಂಕಿ ಕಂಡರೆ ಆ ರಾತ್ರಿ ಥರ್ಮೋಸ್ಟಾಟ್ ಇಳಿಸಬೇಡಿ. ಹಗಲು 68 ಇಡುವವರು ರಾತ್ರಿ ರಗ್ಗು ಹೊದ್ದು 60ಕ್ಕೆ ಇಳಿಸಿ ದುಡ್ಡು ಉಳಿಸುತ್ತಾರೆ. ಬೇರೆ ದಿನಗಳಲ್ಲಿ ಅದು ಒಳ್ಳೆಯ ಅಭ್ಯಾಸವೇ. ಅಂಥ ರಾತ್ರಿಗಳಲ್ಲಿ ಮಾತ್ರ ಹಗಲಿನಷ್ಟೇ ಇರಲಿ. ಮೇನ್‌ನಿಂದ ದೂರದಲ್ಲಿ, ಹೊರಗೋಡೆಗಿರುವ ನಲ್ಲಿಯನ್ನು ಸಣ್ಣಗೆ ಬಿಡಿ. ಒಂದೇ ಹಿಡಿಕೆಯ ನಲ್ಲಿಯಾದರೆ ಹಿಡಿಕೆ ನಡುವಿನಲ್ಲಿರಲಿ. ಬಿಸಿನೀರಿನ ಪೈಪೂ ತಣ್ಣೀರಿನದರಷ್ಟೇ ಸುಲಭವಾಗಿ ಕಟ್ಟಿಕೊಳ್ಳುತ್ತದೆ. ಕೆಳಗೆ ಬಕೆಟ್ ಇಟ್ಟು ಹಿಡಿದುಕೊಂಡರೆ ಬೆಳಿಗ್ಗೆ ನೆಲ ಒರೆಸಲು, ಗಿಡಕ್ಕೆ ಹಾಕಲು ಬರುತ್ತದೆ. ನೀರು ಪೋಲಾಗುವುದನ್ನು ನೋಡಲಾರದ ಅತ್ತೆಯವರಿಗೆ ನಾನು ಹೇಳುವ ಉಪಾಯ ಇದೇ.

ಕರೆಂಟು ಹೋಗಿ ತಾಸುಗಟ್ಟಲೆ ಬಾರದಿದ್ದರೆ ಕಾಯುತ್ತ ಕೂರಬೇಡಿ. ಮೇನ್ ವಾಲ್ವ್ ಮುಚ್ಚಿ, ಮೇಲಿನ ಮಹಡಿಯ ನಲ್ಲಿಯನ್ನೂ ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನೂ ತೆರೆದು ಪೈಪು ಖಾಲಿ ಮಾಡಿ. ನೀರಿಲ್ಲದ ಪೈಪು ಒಡೆಯುವುದಿಲ್ಲ.

ಬೀಗ ಹಾಕಿ ಹೋಗುವಾಗ

ಊರಿಗೆ ಹೋಗುವವರಿಗೆ ಎರಡು ದಾರಿಗಳಿವೆ. ವಾರ, ಎರಡು ವಾರವಾದರೆ ಹೀಟರನ್ನು 55 ಫ್ಯಾರನ್‌ಹೀಟ್, ಅಂದರೆ 13 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸದೆ, ಒಳಬಾಗಿಲುಗಳನ್ನೆಲ್ಲ ತೆರೆದಿಟ್ಟು, ಬೀಗದ ಕೈಯನ್ನು ನಂಬಿಕಸ್ಥರಿಗೆ ಕೊಟ್ಟು ಹೋಗಿ. ಅವರು ಆಗಾಗ ಬಂದು ಹೀಟರು ಓಡುತ್ತಿದೆಯೇ ಎಂದು ನೋಡಲಿ. ಖಾಲಿ ಮನೆಯಲ್ಲಿ ಬಿಸಿ ಇಟ್ಟಿರದಿದ್ದರೆ ನಷ್ಟ ತುಂಬಿಕೊಡುವುದಿಲ್ಲ ಎಂಬ ಷರತ್ತು ಬಹಳಷ್ಟು ವಿಮಾ ಪಾಲಿಸಿಗಳಲ್ಲಿ ಇರುತ್ತದೆ. ಒಮ್ಮೆ ತೆಗೆದು ಓದಿ.

ತಿಂಗಳುಗಟ್ಟಲೆ ಹೋಗುವವರು ಹೀಟರನ್ನು ಹಾಗೆಯೇ ಓಡಲು ಬಿಟ್ಟು, ನೀರನ್ನು ಮೇನ್‌ನಲ್ಲೇ ನಿಲ್ಲಿಸಿ, ನಲ್ಲಿಗಳನ್ನು ತೆರೆದು ಖಾಲಿ ಮಾಡಿ ಹೋಗುವುದು ಕ್ಷೇಮ. ಹಂಡೆಯನ್ನೂ ಖಾಲಿ ಮಾಡುವುದಾದರೆ ಮೊದಲು ಅದರ ವಿದ್ಯುತ್ ಅಥವಾ ಗ್ಯಾಸ್ ಬಂದ್ ಮಾಡಬೇಕು. ಆದರೆ ಬಿಸಿನೀರು ಹರಿಸಿ ಮನೆ ಬೆಚ್ಚಗಿಡುವ ಬಾಯ್ಲರ್ ಇದ್ದರೆ, ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇದ್ದರೆ, ಬಲ್ಲವರನ್ನು ಕೇಳದೆ ನೀರು ನಿಲ್ಲಿಸಬೇಡಿ. ಬಾಡಿಗೆ ಮನೆಯವರು ಮಾಲೀಕರಿಗೋ ನನ್ನಂಥ ಉಸ್ತುವಾರಿಯವರಿಗೋ ಒಂದು ಮಾತು ಹೇಳಿ.

ಕಟ್ಟಿಕೊಂಡಿದ್ದರೆ

ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ನೀರು ಬರದಿದ್ದರೆ ಮೊದಲು ಆ ನಲ್ಲಿಯನ್ನು ತೆರೆದೇ ಬಿಡಿ. ಮೇನ್ ವಾಲ್ವಿನ ಹತ್ತಿರ ಮನೆಯವರೊಬ್ಬರು ನಿಂತಿರಲಿ. ಎಲ್ಲಾದರೂ ಒದ್ದೆ, ಉಬ್ಬು, ಸೀಳು ಕಂಡರೆ ತಕ್ಷಣ ಮುಚ್ಚಲಿ. ಆಮೇಲೆ ಕೂದಲು ಒಣಗಿಸುವ ಡ್ರೈಯರನ್ನೋ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನೋ ಹಿಡಿದು ನಲ್ಲಿಯ ತುದಿಯಿಂದ ಶುರುಮಾಡಿ ಕಟ್ಟಿಕೊಂಡ ಜಾಗದ ಕಡೆಗೆ ಹೋಗಿ. ನಡುವಿನಿಂದ ಕಾಯಿಸಿದರೆ ಕರಗಿದ ನೀರಿಗೆ, ಹಬೆಗೆ ಹೊರಹೋಗಲು ದಾರಿ ಇರುವುದಿಲ್ಲ. ಡ್ರೈಯರು ಹಿಡಿದವರು ನಿಂತ ನೀರಿನಲ್ಲಿ ಕಾಲಿಟ್ಟಿರಬಾರದು. ಪ್ಲಂಬರುಗಳು ಬಳಸುವ ಬೆಂಕಿಯ ಟಾರ್ಚನ್ನು ಮಾತ್ರ ಮುಟ್ಟಲೇಬೇಡಿ. ಇಲ್ಲಿನ ಗೋಡೆಗಳ ಒಳಗಿರುವುದು ಮರ. ಪೈಪು ಬಿಡಿಸಲು ಹೋಗಿ ಮನೆಯನ್ನೇ ಸುಟ್ಟುಕೊಂಡವರಿದ್ದಾರೆ. ಕಟ್ಟಿಕೊಂಡ ಜಾಗ ಕೈಗೆ ಸಿಗದಿದ್ದರೆ ಪ್ಲಂಬರನ್ನು ಕರೆಯಿರಿ.

ನನಗೆ ಹೆಚ್ಚು ಫೋನು ಬರುವುದು ಚಳಿ ಇದ್ದ ದಿನವಲ್ಲ, ಬಿಸಿಲು ಬಂದ ದಿನ. ಸೀಳಿದ ಪೈಪನ್ನು ಗಡ್ಡೆಯೇ ಬಿರಡೆಯಾಗಿ ಮುಚ್ಚಿಕೊಂಡಿರುತ್ತದೆ. ಅದು ಕರಗಿದ ಮೇಲೆ ನೀರು ನುಗ್ಗುತ್ತದೆ. ಹಾಗೊಂದು ಮಧ್ಯಾಹ್ನ ಕೆಳಮನೆಯ ಹುಡುಗಿ ಫೋನು ಮಾಡಿದಳು: “ಸೀಲಿಂಗು ಜೋತು ಬಿದ್ದಿದೆ, ಏನ್ಮಾಡ್ಲಿ ಆಂಟಿ?” ಮೇಲ್ಮನೆಯವರು ಹೀಟರ್ ಆರಿಸಿ ಊರಿಗೆ ಹೋಗಿದ್ದರು. ಗಡ್ಡೆ ಕಟ್ಟಿದ್ದು ಬಚ್ಚಲಿನ ಉತ್ತರದ ಗೋಡೆಯಲ್ಲಿ, ಪೈಪು ಸೀಳಿದ್ದು ಅಡುಗೆಮನೆಯಲ್ಲಿ. ಇವಳಿಗೆ ಮೇನ್ ವಾಲ್ವ್ ಎಲ್ಲಿದೆಯೆಂದು ಗೊತ್ತಿತ್ತು. ಮನೆಗೆ ಬಂದ ದಿನವೇ ತೋರಿಸಿದ್ದೆ. ನಾನು ಕಾರು ಹತ್ತುವ ಮೊದಲೇ ಕೆಳಗಿಳಿದು ನೀರು ನಿಲ್ಲಿಸಿದ್ದಳು. ಒಂದು ಕೋಣೆಯ ಸೀಲಿಂಗು ಹೋಯಿತು. ಅವಳ ಪುಸ್ತಕ, ಲ್ಯಾಪ್‌ಟಾಪು, ಪಾಸ್‌ಪೋರ್ಟು ಉಳಿದವು.

ಒಂದು ಹಿಡಿಕೆ

ಇಷ್ಟೆಲ್ಲ ಓದಿ ಒಂದನ್ನೇ ನೆನಪಿಡುವುದಾದರೆ ಆ ವಾಲ್ವನ್ನು ನೆನಪಿಡಿ. ಚಳಿಯ ಊರುಗಳಲ್ಲಿ ಅದು ಸಾಧಾರಣವಾಗಿ ನೆಲಮಾಳಿಗೆಯಲ್ಲಿ, ನೀರಿನ ಮೀಟರಿನ ಪಕ್ಕ ಇರುತ್ತದೆ. ಟೆಕ್ಸಸ್‌ನಂಥ ಕಡೆ ಎಷ್ಟೋ ಮನೆಗಳಿಗೆ ರಸ್ತೆ ಬದಿಯ ಮುಚ್ಚಳದಡಿಯ ಪೆಟ್ಟಿಗೆಯಲ್ಲಿರುತ್ತದೆ, ಅದನ್ನು ತಿರುಗಿಸಲು ಬೇರೆ ಕೀಲಿಯೇ ಬೇಕು. ಉದ್ದ ಹಿಡಿಕೆಯದಾದರೆ ಪೈಪಿಗೆ ಅಡ್ಡವಾಗುವಂತೆ ಕಾಲು ಸುತ್ತು ತಿರುಗಿಸಿದರೆ ಮುಚ್ಚುತ್ತದೆ. ಚಕ್ರದ ಆಕಾರದ್ದಾದರೆ ಬಲಕ್ಕೆ ಹಲವು ಸುತ್ತು ತಿರುಗಿಸಬೇಕು. ಹಳೆಯ ಚಕ್ರಗಳು ವರ್ಷಗಟ್ಟಲೆ ಮುಟ್ಟದೆ ಬಿಗಿದುಕೊಂಡಿರುತ್ತವೆ. ಅದು ಗೊತ್ತಾಗಬೇಕಾದದ್ದು ನೀರು ಸುರಿಯುವಾಗಲ್ಲ, ಅಕ್ಟೋಬರಿನಲ್ಲಿ.

ಮನೆಯಲ್ಲಿ ಒಬ್ಬರಿಗೆ ಗೊತ್ತಿದ್ದರೆ ಸಾಲದು. ಪೈಪು ಒಡೆಯುವ ಹೊತ್ತಿಗೆ ಮಗ ಆಫೀಸಿನಲ್ಲಿರುತ್ತಾನೆ, ಸೊಸೆ ಮಗುವನ್ನು ಡಾಕ್ಟರಿಗೆ ತೋರಿಸಲು ಹೋಗಿರುತ್ತಾಳೆ; ಮನೆಯಲ್ಲಿರುವುದು ಊರಿನಿಂದ ಬಂದ ಅಜ್ಜ ಅಜ್ಜಿ. ಹೊಸ ದೇಶ, ಹೊಸ ಮನೆ, ಏನಾದರೂ ಮುಟ್ಟಿ ಕೆಡಿಸಿದರೆ ಎಂಬ ಅಳುಕಿನಲ್ಲಿ ಅವರು ಕೈಕಟ್ಟಿ ನಿಲ್ಲುವಂತಾಗಬಾರದು. ಮಕ್ಕಳ ಮನೆಗೆ ಚಳಿಗಾಲದಲ್ಲಿ ಹೋಗುವ ಹಿರಿಯರು ಹೋದ ಮೊದಲ ವಾರವೇ ಕೇಳಿ: “ನೀರು ನಿಲ್ಲಿಸೋದು ಎಲ್ಲಿ, ತೋರಿಸಪ್ಪ.” ಕೇಳಿ ಸುಮ್ಮನಾಗಬೇಡಿ, ನಿಮ್ಮ ಕೈಯಾರೆ ಒಮ್ಮೆ ಮುಚ್ಚಿ, ತೆರೆದು ನೋಡಿ. ಊರಲ್ಲೇ ಇರುವವರು ಮುಂದಿನ ವಿಡಿಯೊ ಕರೆಯಲ್ಲಿ ಊಟ ಆಯ್ತಾ ಎಂದು ಕೇಳಿದ ಮೇಲೆ ಇದನ್ನೂ ಕೇಳಿ. ಉತ್ತರ ಗೊತ್ತಿಲ್ಲದ ಮಗ, ಮಗಳು ಅಂದೇ ಹುಡುಕಿಕೊಳ್ಳುತ್ತಾರೆ.